ಮುಚ್ಚಳದ ನಾಲ್ಕು ಬೋಲ್ಟು

ಹದಿನಾಲ್ಕು ವರ್ಷದ ಹಿಂದೆ, ಕಲಬುರಗಿಯ ಒಂದು ದವಾಖಾನೆಯ ಹೆಂಗಸರ ವಾರ್ಡಿನಲ್ಲಿ, ಕಾಶಪ್ಪ ತನ್ನ ಹೆಂಡತಿ ಶರಣಮ್ಮನಿಗೆ ಒಂದು ಮಾತು ಕೊಟ್ಟಿದ್ದ. ಅವಳ ಬಲಗೈ ಮೊಣಕೈತನಕ ಬ್ಯಾಂಡೇಜಿನೊಳಗಿತ್ತು. ಆ ಬಿಳಿ ಗಂಟಿನೊಳಗೆ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದಿವೆ ಎಂದು ಡಾಕ್ಟರು ಅವನಿಗೆ ಹೇಳಿಯಾಗಿತ್ತು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಇನ್ನ ಮ್ಯಾಲ ಬಾಯಿಗೆ ಮುಚ್ಚಳ ಇಲ್ಲದ ಮಷೀನ್ ನನ್ನ ಕೈಲಿಂದ ಹೊರಗ ಹೋಗಂಗಿಲ್ಲ. ನಿನ್ನ ಆಣಿ" ಅಂದಿದ್ದ.

ಶರಣಮ್ಮ ಮದ್ದಿನ ಮಂಪರಿನಲ್ಲಿದ್ದಳು. "ಹುಡುಗಿ ಮರಿಗೆ ಕಾಳು ಹಾಕ್ಯಾಳೇನು" ಎಂದಷ್ಟೇ ಕೇಳಿ ಕಣ್ಣು ಮುಚ್ಚಿದಳು.

ಕೋಳಿಮರಿಗಳ ಮಾತು ಸುಮ್ಮನೆ ಬಂದದ್ದಲ್ಲ. ಆಗ ಕಾಶಪ್ಪ ಶೋರಾಪುರದ ಕಡೆ ಒಬ್ಬ ಗೌಡರ ರಾಶಿ ಮಷೀನು ನಡೆಸುತ್ತಿದ್ದ, ಹೊಲದಿಂದ ಹೊಲಕ್ಕೆ ತಿರುಗಿ ತೊಗರಿ ಒಕ್ಕುವ ಯಂತ್ರ. ಬೆಳೆಯ ಕಟ್ಟನ್ನು ಒಳಗೆ ನೂಕುವ ಬಾಯಿಗೆ ತಗಡಿನ ಉದ್ದನೆಯ ಮುಚ್ಚಳವೊಂದು ಇರುತ್ತದೆ, ಅರ್ಧ ಸೀಳಿದ ಪೀಪಾಯಿಯ ಹಾಗೆ ಬಾಗಿದ್ದು. ಅದರ ಉದ್ದ ಮನುಷ್ಯನ ತೋಳಿಗಿಂತ ಒಂದು ಗೇಣು ಜಾಸ್ತಿ. ಎಷ್ಟೇ ಚಾಚಿದರೂ ಬೆರಳು ಒಳಗೆ ತಿರುಗುವ ಹಲ್ಲಿನ ಡ್ರಮ್ಮಿಗೆ ಮುಟ್ಟಬಾರದು, ಅದಕ್ಕೇ ಆ ಉದ್ದ. ಆದರೆ ಸ್ವಲ್ಪ ಹಸಿ ಇದ್ದರೂ ಸಾಕು, ಕಟ್ಟು ಆ ಬಾಯಿಯಲ್ಲಿ ಸಿಕ್ಕಿಕೊಂಡು ಕೆಲಸ ನಿಲ್ಲುತ್ತದೆ. ಹೀಗಾಗಿ ಹೊಸ ಮಷೀನು ಊರಿಗೆ ಬಂದ ದಿನವೇ ಮುಚ್ಚಳದ ನಾಲ್ಕು ಬೋಲ್ಟು ಬಿಚ್ಚಿ ತೆಗೆಯುವುದು ಆ ಸೀಮೆಯ ಡ್ರೈವರುಗಳೆಲ್ಲರ ರೂಢಿ. ತೆಗೆದದ್ದನ್ನು ಬಿಸಾಡುವಂತಿರಲಿಲ್ಲ, ಒಳ್ಳೆಯ ತಗಡು. ಮನೆಗೆ ಒಯ್ದು ಬೋರಲು ಹಾಕಿದರೆ ಕೋಳಿಮರಿಗಳಿಗೆ ಗೂಡಾಗುತ್ತಿತ್ತು, ಹದ್ದಿನ ಕಾಟ ತಪ್ಪುತ್ತಿತ್ತು. ಕಾಶಪ್ಪನೂ ಒಯ್ದಿದ್ದ. ಅದೇ ಮಷೀನಿಗೆ ಕಟ್ಟು ನೂಕುತ್ತಿದ್ದ ಶರಣಮ್ಮನ ಕೈಯನ್ನು ಡ್ರಮ್ಮು ಎಳೆದುಕೊಂಡ ಹೊತ್ತಿಗೆ ಎಂಟು ವರ್ಷದ ಮಗಳು ಭುವನೇಶ್ವರಿ ಅಂಗಳದಲ್ಲಿ ಅದೇ ಮುಚ್ಚಳದ ಮೇಲೆ ಕುಳಿತು ಮರಿಗಳನ್ನು ಕಾಯುತ್ತಿದ್ದಳು. ಹನ್ನೊಂದು ಮರಿ, ಹನ್ನೊಂದೂ ಉಳಿದವು.

ಆಮೇಲೆ ಪುಣೆ. ಮೊದಲು ಕಟ್ಟಡದ ಕೆಲಸ, ನಂತರ ಸಲಾಕೆ ಬಾಗಿಸುವ ಕೆಲಸ, ನಂತರ ವೆಲ್ಡಿಂಗು. ಯೆರವಡಾದಲ್ಲಿ ಒಂದು ಕೋಣೆಯ ಮನೆ ಹಿಡಿದರು. ಶರಣಮ್ಮ ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತು, ಊರ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರಿಗೆ ಡಬ್ಬಿ ಕಟ್ಟತೊಡಗಿದಳು. ಕಾಶಪ್ಪ ಭೋಸರಿಯಲ್ಲಿ ಪಂಢರಿನಾಥ ಎಂಬ ಮರಾಠಿಯವನ ಶೆಡ್ಡು ಸೇರಿದ. ಅಲ್ಲಿ ಮಾಡುತ್ತಿದ್ದದ್ದು ಇವೇ ಒಕ್ಕುವ ಯಂತ್ರಗಳು.

ಕಾಶಪ್ಪ ತನ್ನ ಮಾತು ಬಿಡಲಿಲ್ಲ. ಎಲ್ಲರೂ ಮುಚ್ಚಳವನ್ನು ಬೋಲ್ಟಿನಿಂದ ಕೂರಿಸಿದರೆ ಇವನು ವೆಲ್ಡು ಹೊಡೆದು ಕೂರಿಸುತ್ತಿದ್ದ, ಯಾರೂ ಬಿಚ್ಚದ ಹಾಗೆ. ಗಿರಾಕಿಗಳು ಫೋನು ಮಾಡಿ ಬೈದರು. ಪಂಢರಿನಾಥ ಎರಡು ಸಲ ನಕ್ಕ, ಮೂರನೇ ಸಲ ನಗಲಿಲ್ಲ. ನಿನ್ನ ಹೆಂಡತಿಯ ಕೈಗೂ ನನ್ನ ಧಂದೆಗೂ ಏನು ಸಂಬಂಧ ಎಂದು ಮರಾಠಿಯಲ್ಲಿ ಕೇಳಿ, ಅವನನ್ನು ಶೆಡ್ಡಿನ ಹಿಂಭಾಗಕ್ಕೆ ಹಾಕಿದ. ಕೈ ಸೂಕ್ಷ್ಮ ಇದ್ದ ಕೆಲಸಗಾರ, ಕೆಲಸದಿಂದ ಬಿಡಿಸಲು ಮನಸ್ಸಾಗಲಿಲ್ಲ.

ಹಿಂಭಾಗದಲ್ಲಿ ನಡೆಯುತ್ತಿದ್ದ ಧಂದೆ ಬೇರೆ. ಕೃಷಿ ಎಂಜಿನಿಯರಿಂಗ್ ಕಲಿಯುವ ಹುಡುಗರು ಕೊನೆಯ ವರ್ಷದಲ್ಲಿ ತಾವೇ ಒಂದು ಯಂತ್ರ ಮಾಡಿ ತೋರಿಸಬೇಕು. ಹೊಲದ ಕೆಸರು ತುಳಿಯದವರು, ಒಂದು ನಟ್ಟು ಸಹ ತಿರುವಿ ಗೊತ್ತಿಲ್ಲದವರು ಮಾರ್ಚ್ ತಿಂಗಳಲ್ಲಿ ಹಿಂದಿನ ಬಾಗಿಲಿನಿಂದ ಬರುತ್ತಿದ್ದರು. ಅಲ್ಲಿ ಯಂತ್ರಗಳು ಸಿದ್ಧವಾಗಿ ಸಾಲಾಗಿ ನಿಂತಿರುತ್ತಿದ್ದವು. ಒಂದು ಬಿತ್ತುವ ಯಂತ್ರ ಆರು ವರ್ಷದಲ್ಲಿ ಐದು ಸಲ ಪಾಸಾಗಿತ್ತು. ಒಂದು ವರ್ಷ ಹಸಿರು ಬಣ್ಣ, ಮರುವರ್ಷ ನೀಲಿ, ಅದರ ಮರುವರ್ಷ ಕಿತ್ತಳೆ. ಹೆಸರಿನ ತಗಡು ಮಾತ್ರ ಹೊಸದು. ಪರೀಕ್ಷೆ ಮುಗಿದ ಮೇಲೆ ಯಂತ್ರ ಟೆಂಪೋ ಹತ್ತಿ ಶೆಡ್ಡಿಗೆ ವಾಪಸು ಬರುತ್ತಿತ್ತು, ಮೈಮೇಲೆ ಕುಂಕುಮದ ಬೊಟ್ಟು, ಒಣಗಿದ ಚೆಂಡುಹೂವಿನ ಹಾರ. ಹಾರ ಕಿತ್ತು ಬಿಸಾಡಿ, ಹಳೆಯ ಬಣ್ಣ ಕೆರೆದು ಹೊಸದು ಹೊಡೆಯುವುದು ಕಾಶಪ್ಪನ ಕೆಲಸ.

"ಕಾಕಾ, ಇದು ಏನು ಮಾಡುತ್ತದೆ?" ಎಂದು ಹುಡುಗರು ತಮ್ಮದೇ ಯಂತ್ರದ ಮುಂದೆ ನಿಂತು ಅವನನ್ನು ಕೇಳುತ್ತಿದ್ದರು. ಅವನು ಹೇಳಿಕೊಡುತ್ತಿದ್ದ. ಪರೀಕ್ಷಕರು ಕೇಳುವ ಹತ್ತು ಪ್ರಶ್ನೆ, ಅದಕ್ಕೆ ಹತ್ತು ಉತ್ತರ ಅವನ ಬಾಯಲ್ಲೇ ಇದ್ದವು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಕಾಶಪ್ಪ ಹೀಗೆ ಐವತ್ತರ ಹತ್ತಿರ ಎಂಜಿನಿಯರುಗಳನ್ನು ದಾಟಿಸಿದ್ದ. ಹಳೆಯ ಬಣ್ಣದ ಪುಡಿ ಮೂಗಿನಲ್ಲಿ ಸೇರಿ ದಿನವಿಡೀ ಬಾಯಿ ಕಹಿ ಇರುತ್ತಿತ್ತು. ಮನೆಗೆ ಬಂದು ಎಷ್ಟು ಬಾಯಿ ಮುಕ್ಕಳಿಸಿದರೂ ಆ ಕಹಿ ಹೋಗುತ್ತಿರಲಿಲ್ಲ. ಹೇಸಿಗೆ ಎನ್ನುವುದು ಬಣ್ಣದ ರುಚಿಯದು ಎಂದು ಅವನಿಗೆ ಆ ವರ್ಷಗಳಲ್ಲಿ ಗೊತ್ತಾಯಿತು.

ಇಂಥದ್ದರಲ್ಲಿ ಭುವನೇಶ್ವರಿ ಹನ್ನೆರಡನೆಯದನ್ನು ಒಳ್ಳೆಯ ಅಂಕದಲ್ಲಿ ಮುಗಿಸಿ, ಕೃಷಿ ಎಂಜಿನಿಯರಿಂಗೇ ಓದುತ್ತೇನೆ ಅಂದಳು.

"ಬ್ಯಾರೆ ಏನೂ ಸಿಗಲಿಲ್ಲೇನು ನಿನಗ" ಎಂದ ಕಾಶಪ್ಪ.

"ಅಪ್ಪಾ, ಆ ಮುಚ್ಚಳದ ಮ್ಯಾಲ ಕುಂತಾಕಿ ನಾನು" ಎಂದಳು ಮಗಳು. ಅಷ್ಟೇ. ಅವನು ಅರ್ಜಿಗೆ ಸಹಿ ಹಾಕಿದ.

ವಾಕಡದ ಆಚೆ, ಹೆದ್ದಾರಿಯ ಮಗ್ಗುಲಿಗೆ ಹೊಸದಾಗಿ ಎದ್ದಿದ್ದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಧ ಶುಲ್ಕದ ಸೀಟು ಸಿಕ್ಕಿತು. ಮೊದಲ ವರ್ಷವೇ ಅವಳು ಒಂದು ದಿನ ಶೆಡ್ಡಿಗೆ ಬಂದು ಹಿಂಭಾಗದ ಸಾಲನ್ನು ನೋಡಿದಳು.

"ನಮ್ಮ ಕಾಲೇಜಿನವರೂ ಇಲ್ಲಿಂದೇ ಒಯ್ತಾರೇನಪ್ಪ?"

"ಒಯ್ತಾರ."

"ನಾ ಒಯ್ಯಂಗಿಲ್ಲ."

ಒಯ್ಯಲಿಲ್ಲ. ನಾಲ್ಕನೇ ವರ್ಷ ಅವಳು ಕಾಗದದ ಮೇಲೆ ಬರೆದು ತಂದದ್ದು ಕೈ ತಿನ್ನದ ಒಂದು ಒಕ್ಕುವ ಯಂತ್ರ. ಮುಚ್ಚಳವಂತೂ ಇತ್ತು. ಅದರ ತುದಿಗೆ ಅಡ್ಡಲಾಗಿ ಒಂದು ಪಟ್ಟಿ, ಕಟ್ಟು ನೂಕುವವರು ಹೆಚ್ಚು ಬಗ್ಗಿದರೆ ಎದೆ ಆ ಪಟ್ಟಿಗೆ ತಾಗಿ ಬೆಲ್ಟು ಸಡಿಲವಾಗಿ ಡ್ರಮ್ಮು ನಿಲ್ಲಬೇಕು. ಅಳತೆಗೆಂದು ಅವ್ವನನ್ನು ಗೋಡೆಗೆ ನಿಲ್ಲಿಸಿ ಹೆಗಲಿನಿಂದ ಬೆರಳಿನ ತುದಿತನಕ ಟೇಪು ಹಿಡಿದಳು. ಎಡಗೈ ಆಯಿತು. ಬಲಗೈಗೆ ಬಂದಾಗ ಟೇಪನ್ನು ಎಲ್ಲಿಗೆ ಹಿಡಿಯುವುದೆಂದು ತಿಳಿಯದೆ ನಿಂತಳು.

"ಹಿಡಿ, ಹಿಡಿ. ಇರೋತನಕ ಹಿಡಿ" ಎಂದಳು ಶರಣಮ್ಮ. "ಇಲ್ಲದ್ದು ಅಂದಾಜ ಹಾಕ್ಕೋ. ಎಂಜಿನಿಯರ್ ಆಗಾಕಿ ಅಲ್ಲೇನು ನೀ."

ಅವಳ ಗುಂಪಿನಲ್ಲಿ ಇನ್ನಿಬ್ಬರಿದ್ದರು. ಅವರು ಒಂದು ಫ್ಲೆಕ್ಸ್ ಫಲಕ ಮಾಡಿಸಿಕೊಟ್ಟು ಕೈ ತೊಳೆದುಕೊಂಡರು. ಭುವನೇಶ್ವರಿ ಎಂಟು ತಿಂಗಳು ಭಾನುವಾರವೆಲ್ಲ ಶೆಡ್ಡಿನಲ್ಲಿ ಕಳೆದಳು. ತಗಡು ಕತ್ತರಿಸಿದಳು, ಕೈಗೆ ಬೊಬ್ಬೆ ಬರಿಸಿಕೊಂಡಳು. ಕಾಶಪ್ಪನಿಗೆ ಆ ಎಂಟು ತಿಂಗಳು ಬಾಯಿ ಕಹಿ ಇರಲಿಲ್ಲ.

ಒಂದೇ ವಿಷಯಕ್ಕೆ ಅಪ್ಪ ಮಗಳಿಗೆ ಜಗಳವಾಯಿತು. ಮುಚ್ಚಳಕ್ಕೆ ವೆಲ್ಡು ಹೊಡೆಯುತ್ತೇನೆ ಅಂದ ಅವನು. ಬೇಡ ಅಂದಳು.

"ಸಿಕ್ಕಿ ಹಾಕ್ಕೊಂಡ್ರ ತೆಗದು ಕಸ ತೆಗಿಬೇಕಲ್ಲಪ್ಪ. ಬೋಲ್ಟ್ ಇರ್ಲಿ."

"ಬೋಲ್ಟ್ ಇದ್ರ ಬಿಚ್ಚತಾರ."

"ನನ್ನ ಮಷೀನ್ ಯಾರ್ ಬಿಚ್ಚತಾರ. ಪಾನಾ ನಿನ್ನ ಕಿಸೆದಾಗ ಇಟ್ಕೋ, ಆತಿಲ್ಲೋ?"

ಅವನು ಸೋತ. ನಾಲ್ಕು ಬೋಲ್ಟು ಹಾಕಿ ಬಿಗಿ ಮಾಡಿ, ಬೋಲ್ಟು ಬಿಚ್ಚುವ ಹದಿಮೂರು ನಂಬರಿನ ಪಾನಾವನ್ನು ನಿಜವಾಗಿಯೂ ಕಿಸೆಯಲ್ಲಿಟ್ಟುಕೊಂಡ.

ಏಪ್ರಿಲ್ ತಿಂಗಳ ಒಂದು ಶನಿವಾರ ವಿಶ್ವವಿದ್ಯಾಲಯದಲ್ಲಿ ಯಂತ್ರಗಳ ಪ್ರದರ್ಶನ. ಪರೀಕ್ಷೆಯೂ ಅದೇ, ಉತ್ಸವವೂ ಅದೇ. ಯಂತ್ರ ಪರೀಕ್ಷಕರ ಎದುರು ನಡೆಯದಿದ್ದರೆ ಫೇಲು, ಮತ್ತೆ ಆರು ತಿಂಗಳು ಕಾಯಬೇಕು. ಭುವನೇಶ್ವರಿಗೆ ನಾಸಿಕದ ಟ್ರ್ಯಾಕ್ಟರ್ ಕಂಪನಿಯೊಂದರಲ್ಲಿ ಕೆಲಸ ಗೊತ್ತಾಗಿತ್ತು, ಜೂನ್ ಒಂದಕ್ಕೆ ಅಂಕಪಟ್ಟಿ ಕೈಯಲ್ಲಿದ್ದರೆ ಮಾತ್ರ. ಶರಣಮ್ಮ ಎರಡು ದಿನ ಮೊದಲೇ ಡಬ್ಬಿಯ ಹುಡುಗರಿಗೆಲ್ಲ ಶನಿವಾರ ಊಟವಿಲ್ಲ ಎಂದು ಹೇಳಿ, ಇಳಕಲ್ಲ ಸೀರೆ ತೆಗೆದಿಟ್ಟಳು.

ಮೂವರೂ ಹಿಂದಿನ ಸಂಜೆ ಶೆಡ್ಡಿನಿಂದ ಯಂತ್ರವನ್ನು ಟೆಂಪೋದಲ್ಲಿ ಕಳಿಸಿ, ಬೆಳಗಿನ ಎಂಟಕ್ಕೆ ಅಲ್ಲಿ ಮುಟ್ಟಿದರು. ಹುಲ್ಲಿನ ಹಾಸಿನ ಮೇಲೆ ಬಿಳಿ ಪೆಂಡಾಲು. ಪೆಂಡಾಲಿನ ಕೆಳಗೆ ಹದಿನೆಂಟು ಯಂತ್ರ. ಕಾಶಪ್ಪ ಸುಮ್ಮನೆ ಒಂದು ಸುತ್ತು ಹಾಕಿದ. ಅದರಲ್ಲಿ ಹನ್ನೊಂದು ಅವನೇ ಬಣ್ಣ ಹೊಡೆದವು. ಆ ಬಿತ್ತುವ ಯಂತ್ರವೂ ಇತ್ತು, ಈ ವರ್ಷ ನೇರಳೆ ಬಣ್ಣದಲ್ಲಿ, ಆರನೇ ಸಲ. ಅದರ ಪಕ್ಕ ಟೈ ಕಟ್ಟಿದ ಹುಡುಗನೊಬ್ಬ ಕಣ್ಣು ಮುಚ್ಚಿ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದ, ಕಾಶಪ್ಪ ಹೇಳಿಕೊಟ್ಟ ಉತ್ತರಗಳನ್ನೇ. ಕಾಶಪ್ಪನನ್ನು ನೋಡಿ ಗುರುತೇ ಇಲ್ಲದವನ ಹಾಗೆ ಮುಖ ತಿರುಗಿಸಿದ. ಕಾಶಪ್ಪನ ಬಾಯಿಗೆ ಹಳೆಯ ಕಹಿ ಬಂತು.

ಮಗಳ ಯಂತ್ರದ ಬಳಿ ಬಂದರೆ ಅಲ್ಲಿ ಬೇರೆ ಕೆಲಸ ಕೆಟ್ಟಿತ್ತು. ಒಕ್ಕಿ ತೋರಿಸಲೆಂದು ಗೋಧಿಯ ಮೂವತ್ತು ಕಟ್ಟು ತರಿಸಿ ಹುಲ್ಲಿನ ಮೇಲೆ ಒಟ್ಟಿದ್ದರು. ಅತಿಥಿಗಳ ಕಣ್ಣಿಗೆ ಹುಲ್ಲು ಹಸಿರಾಗಿ ಕಾಣಲೆಂದು ಮಾಲಿ ನಸುಕಿನಲ್ಲಿ ಕಾರಂಜಿ ಬಿಟ್ಟು ನೆನೆಸಿದ್ದ. ಹುಲ್ಲು ಹಸಿರಾಗಿತ್ತು. ಗೋಧಿಯ ಕಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಕಾಶಪ್ಪ ಮೋಟಾರು ಹಚ್ಚಿ ಒಂದು ಕಟ್ಟು ಹಾಕಿ ನೋಡಿದ. ಮುಚ್ಚಳದ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಮೋಟಾರು ಆರಿಸಿ, ಕೋಲಿನಿಂದ ಹಿಂದಕ್ಕೆ ಎಳೆದು ಇನ್ನೊಂದು ಹಾಕಿದ. ಅದೂ ಹಾಗೆಯೇ.

"ಬಿಸಲಿಗೆ ಹರವಿದ್ರ ಎರಡು ತಾಸಿನಾಗ ಒಣಗತಾವ" ಎಂದು ಶರಣಮ್ಮ ಆಗಲೇ ಸೆರಗು ಸಿಕ್ಕಿಸಿ ಕಟ್ಟು ಬಿಚ್ಚತೊಡಗಿದ್ದಳು. ಮೂವರೂ ಸೇರಿ ಪಾರ್ಕಿಂಗಿನ ಡಾಂಬರಿನ ಮೇಲೆ ಹರವಿದರು. ಹಾಗೆ ಹರವುತ್ತಿದ್ದಾಗ ಕಿಶೋರ ಸರ್ ಬಂದರು.

ಕಿಶೋರ ಸರ್ ಎಂದರೆ ಭುವನೇಶ್ವರಿಯ ಗೈಡು, ಬೆಳಗಾವಿ ಕಡೆಯವರು. ಪಂಢರಿನಾಥನ ಹಿಂದಿನ ಬಾಗಿಲಿಗೆ ತಮ್ಮ ಹುಡುಗರನ್ನು ಕಳಿಸುತ್ತಿದ್ದವರಲ್ಲಿ ಇವರೂ ಒಬ್ಬರು. ಕಾಶಪ್ಪನಿಗೆ ಗೊತ್ತಿತ್ತು, ಕಾಶಪ್ಪನಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಅದಕ್ಕೇ ಅವರ ಮಾತು ಯಾವಾಗಲೂ ಬೆಣ್ಣೆ. ಮೈಯಿಂದ ಬರುವ ಅತ್ತರಿನ ವಾಸನೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು.

"ಏನ್ ಕಾಶಪ್ಪ, ನಮ್ಮ ಪಾರ್ಕಿಂಗನ್ನ ಕಣಾ ಮಾಡಿಬಿಟ್ರಿ?"

"ಗೋಧಿ ತೋದಾವ್ರಿ ಸರ್. ಹತ್ತೂವರಿ ಅನ್ನೋದ್ರಾಗ ಒಣಗತಾವ್ರಿ."

"ಹತ್ತೂವರಿ ಎಲ್ಲೀದ್ರಿ. ಉದ್ಘಾಟನಾ ಮಾಡೋ ಸಾಹೇಬ್ರು ಆಗಲೇ ಟೋಲ್ ದಾಟ್ಯಾರಂತ ಫೋನ್ ಬಂತು. ಮೊದಲು ನಿಮ್ಮ ಮಷೀನೇ ತೋರಸೂದು, ಅದೊಂದೇ ಸದ್ದು ಮಾಡೂದು." ಅವರು ನಕ್ಕು ಯಂತ್ರದ ಹತ್ತಿರ ಹೋಗಿ ಮುಚ್ಚಳವನ್ನು ಬೆರಳಿನಿಂದ ಬಡಿದರು. "ಇದನ್ನ ತೆಗೀರಿ. ಹಸೀ ಇದ್ರೂ ನುಂಗತದ."

ಕಾಶಪ್ಪನ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು. "ಆಗಂಗಿಲ್ರಿ."

"ಯಾಕ ಆಗಂಗಿಲ್ಲ? ಬೋಲ್ಟ್ ಅದಾವಲ್ಲ."

ಭುವನೇಶ್ವರಿ ನಡುವೆ ಬಂದಳು. "ಸರ್, ಪ್ರಾಜೆಕ್ಟೇ ಅದು. ಅದನ್ನ ತೆಗೆದ್ರ ಉಳದದ್ದು ಎಲ್ಲಾರ ಕಡಿ ಇರೋ ಮಷೀನ್."

"ನೋಡವ್ವ ಭುವನೇಶ್ವರಿ, ವರದಿಯೊಳಗ ಎಲ್ಲಾ ಅದ. ನಾ ಓದೀನಿ, ಚೊಲೋ ಬರದೀ. ಆದ್ರ ಪರೀಕ್ಷಕರು ವರದಿ ಓದಂಗಿಲ್ಲ. ಮಷೀನ್ ನಡೀತೋ ಇಲ್ಲೋ, ಕಾಳು ಬಿತ್ತೋ ಇಲ್ಲೋ, ಅಷ್ಟ. ಎರಡು ನಿಮಿಷ. ನಿಂತ ಮಷೀನಿಗೆ ನಾ ಹೆಂಗ ಅಂಕಾ ಕೊಡ್ಲಿ, ನೀನ ಹೇಳು."

ಕಿಶೋರ ಸರ್ ಫ್ಲೆಕ್ಸಿನ ಕಡೆ ತಿರುಗಿದರು. 'ಮಹಿಳಾ ರೈತರಿಗಾಗಿ ಸುರಕ್ಷಿತ ಒಕ್ಕಣೆ ಯಂತ್ರ' ಎಂಬ ಅರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಎಂದೂ ಹೊಲ ನೋಡದ ಒಬ್ಬಳು ಚೆಲುವೆ ತಲೆಯ ಮೇಲೆ ತೆನೆ ಹೊತ್ತು ನಗುತ್ತಿದ್ದಳು. ಸರ್ ಒಬ್ಬ ಹುಡುಗನನ್ನು ಕರೆದು ಏನೋ ಹೇಳಿದರು. ಆತ ಹೋಗಿ ಬಿಳಿ ಕಾಗದದ ಪಟ್ಟಿಯೊಂದನ್ನು ತಂದು 'ಸುರಕ್ಷಿತ' ಎಂಬ ಶಬ್ದದ ಮೇಲೆ ಅಂಟಿಸಿದ. ಪಟ್ಟಿಯ ಮೇಲೆ 'ಅಧಿಕ ಸಾಮರ್ಥ್ಯದ' ಎಂದಿತ್ತು. ಇಷ್ಟು ಬೇಗ ಮುದ್ರಿಸಿ ತರಲು ಸಾಧ್ಯವಿರಲಿಲ್ಲ. ಅದು ನಿನ್ನೆಯೇ ಸಿದ್ಧವಾಗಿತ್ತು ಎಂದು ಕಾಶಪ್ಪನಿಗೆ ಹೊಳೆಯಿತು. ಗೋಧಿ ಒಣಗಿದ್ದರೂ ಇವರು ಇದನ್ನೇ ಹೇಳುತ್ತಿದ್ದರು.

ಪೆಂಡಾಲಿನ ಹಿಂದೆ ಪರೀಕ್ಷಕರಿಗೆಂದು ಸಮೋಸಾ ಇಟ್ಟಿದ್ದರು. ಅವರಲ್ಲೊಬ್ಬರು ಕೈಗೆ ಹತ್ತಿದ ಎಣ್ಣೆಯನ್ನು ಯಾವುದೋ ಹುಡುಗರ ವರದಿಯ ಕೊನೆಯ ಹಾಳೆಗೆ ಒರೆಸಿಕೊಂಡು, ಹಾಳೆಯನ್ನು ನೀಟಾಗಿ ಮಡಚಿ ಕುರ್ಚಿಯ ಕೆಳಗೆ ಇಟ್ಟರು. ಕಾಶಪ್ಪ ನೋಡುತ್ತಲೇ ನಿಂತ. ಉಗುಳಬೇಕೆನಿಸಿತು. ಸುತ್ತಲೂ ಹಸಿರು ಹುಲ್ಲು, ಉಗುಳಲು ಜಾಗವಿರಲಿಲ್ಲ.

"ಮಷೀನಿಗೆ ಕಟ್ಟು ಹಾಕೂದು ಯಾರ್ರಿ ಸರ್?" ಎಂದು ಕೇಳಿದ.

"ಅದಕ್ಕೆಲ್ಲಾ ವ್ಯವಸ್ಥಾ ಆಗೇದ." ಕಿಶೋರ ಸರ್ ಕೈ ಮಾಡಿ ಕರೆದರು. "ರಂಗೂಬಾಯಿ."

ಬಂದವಳು ಕಾಲೇಜಿನ ಕಸ ಗುಡಿಸುವ ಹೆಂಗಸು, ನಲವತ್ತರ ಆಸುಪಾಸು. ಅವಳಿಗೆ ಯಾರೋ ಹಸಿರು ನಾಟಕದ ಸೀರೆ ಉಡಿಸಿ, ಕೈ ತುಂಬ ಗಾಜಿನ ಬಳೆ ತೊಡಿಸಿ, ಮೂಗಿಗೆ ಚಿಮಟಿ ಹಾಕುವ ನತ್ತು ಸಿಕ್ಕಿಸಿದ್ದರು. ರೈತ ಮಹಿಳೆಯ ವೇಷ. ಜೋತುಬಿದ್ದ ಸೆರಗಿಗೆ ಜರಿಯ ಅಂಚು. ರಂಗೂಬಾಯಿ ಗಳಿಗೆಗೊಮ್ಮೆ ನತ್ತನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ನಾಚಿಕೊಂಡು ನಗುತ್ತಿದ್ದಳು.

"ಈ ಸೀರಿ ಮ್ಯಾಲ ಹಾಕಸ್ತೀರೇನ್ರಿ?" ಎಂದ ಕಾಶಪ್ಪ. "ನಾ ಹಾಕ್ತೀನ್ರಿ. ನನಗ ರೂಢಿ ಅದ."

"ಮಹಿಳಾ ರೈತರ ಮಷೀನ್ ಮಾರಾಯಾ. ನಿಮ್ಮ ಮೀಸಿ ಇಟ್ಕೊಂಡು ಫೋಟೋ ಹೆಂಗ ತೆಗ್ಯೂದು?"

ಸುತ್ತ ನಿಂತ ಹುಡುಗರು ನಕ್ಕರು. ಭುವನೇಶ್ವರಿ ನಗಲಿಲ್ಲ, ಆದರೆ ಅಪ್ಪನ ಮುಖವನ್ನೂ ನೋಡಲಿಲ್ಲ.

ಇಷ್ಟು ಹೊತ್ತು ಡಾಂಬರಿನ ಮೇಲೆ ಗೋಧಿ ಹರವುತ್ತಿದ್ದ ಶರಣಮ್ಮ ಆಗ ಎದ್ದು ಬಂದಳು. "ಹಂಗಾದ್ರ ನಾ ಹಾಕ್ತೀನ್ರಿ ಸರ್. ನಾ ಹೆಣ್ಣಾಳೇ ಅದೀನಿ, ರೈತರ ಪೈಕಿನೇ ಅದೀನಿ. ಹಲ್ಲು ಎಷ್ಟು ದೂರ ಇರ್ತಾವ ಅನ್ನೋದು ನನಗಷ್ಟು ಯಾರಿಗೂ ಗೊತ್ತಿಲ್ಲ."

ಕಿಶೋರ ಸರ್ ಅವಳ ಇಳಕಲ್ಲ ಸೀರೆಯನ್ನು ಮೆಚ್ಚಿದವರ ಹಾಗೆ ನೋಡಿದರು. ಕಣ್ಣು ಕೆಳಗಿಳಿದು ಬಲಗೈಯ ಮೇಲೆ ನಿಂತಿತು. ಎರಡು ಬೆರಳು, ನಡುವೆ ನುಣುಪಾದ, ಹೊಳೆಯುವ ಚರ್ಮ.

"ಬ್ಯಾಡ ಬ್ಯಾಡ" ಎಂದರು ಮೆಲ್ಲಗೆ. "ಫೋಟೋದಾಗ ಕೆಟ್ಟ ಕಾಣತದ. ಮಷೀನಿಂದ ಹಿಂಗಾತು ಅಂತ ಮಂದಿ ತಿಳ್ಕೋತಾರ. ನೀವು ಆ ಕೈ ಸೆರಗಿನಾಗ ಇಟ್ಕೋರಿ ವೈನಿ, ಸಾಹೇಬ್ರು ಹೋಗೂತನಕ."

ಶರಣಮ್ಮ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. ಹದಿನಾಲ್ಕು ವರ್ಷದಲ್ಲಿ ಅವಳು ಹಾಗೆ ಮಾಡಿದ್ದನ್ನು ಕಾಶಪ್ಪ ನೋಡಿರಲಿಲ್ಲ. ಅದೇ ಕೈಯಿಂದ ಬಸ್ಸಿನ ಕಂಬಿ ಹಿಡಿದವಳು, ಅದೇ ಕೈ ಎತ್ತಿ ಪಂಢರಿನಾಥನ ಜೊತೆ ಜಗಳವಾಡಿದವಳು.

ಗೇಟಿನ ಕಡೆ ಡೋಲು ಶುರುವಾಯಿತು. ಹುಡುಗರು ಓಡಾಡತೊಡಗಿದರು. ಭುವನೇಶ್ವರಿ ಅಪ್ಪನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

"ಅಪ್ಪಾ. ಎರಡು ನಿಮಿಷದ್ದು."

"ನೀನೂ ಅದನ್ನೇ ಅಂತಿ?"

"ಜೂನ್ ತಪ್ಪತದ. ಮತ್ತ ಆರು ತಿಂಗಳು ಇದೇ ಸರ್ ಕೈಯಾಗ ಇರಬೇಕು. ಆಗೂ ಹಿಂಗೇ ಅಂತಾರ." ಅವಳ ಕೆಳತುಟಿ ಬಿಳಿಚಿಕೊಂಡಿತ್ತು. "ಕೆಲಸಕ್ಕ ಸೇರಿದ ಮ್ಯಾಲ ಬರೋಬ್ಬರಿ ಮಾಡ್ತೀನಪ್ಪ. ಅಲ್ಲಿ ಮುಚ್ಚಳ ಇದ್ದ ಮಷೀನೇ ಮಾಡಸ್ತೀನಿ."

ಹೀಗೇ ಎಲ್ಲರೂ ಅನ್ನುತ್ತಿದ್ದರು. ಈ ಹಂಗಾಮು ಒಂದು ಮುಗಿಯಲಿ, ಆಮೇಲೆ ಮುಚ್ಚಳ ಹಾಕೋಣ ಎಂದು ಶೋರಾಪುರದ ಗೌಡರೂ ಅಂದಿದ್ದರು. ಎಂಟು ತಿಂಗಳು ಬೊಬ್ಬೆ ಬರಿಸಿಕೊಂಡ ಕೈಯವಳ ಬಾಯಿಂದ ಅದೇ ಮಾತು ಬಂದಾಗ ಕಾಶಪ್ಪನಿಗೆ ಸಿಟ್ಟು ಬರಲಿಲ್ಲ. ಬಾಯಲ್ಲಿ ಅದೇ ಬಣ್ಣದ ಕಹಿ. ನಾಲ್ಕು ವರ್ಷದಲ್ಲಿ ಇಲ್ಲಿ ಏನು ಕಲಿಸುತ್ತಾರೆ ಎಂದು ಯಾರಾದರೂ ಕೇಳಿದ್ದರೆ ಅವನು ಆಗ ಹೇಳಬಲ್ಲವನಾಗಿದ್ದ.

"ನನ್ನ ಕೈಲೆ ಆಗಂಗಿಲ್ಲವ್ವ" ಎಂದ. "ನಿಮ್ಮವ್ವಗ ಮಾತು ಕೊಟ್ಟೀನಿ."

ಶರಣಮ್ಮ ಪಕ್ಕದಲ್ಲೇ ನಿಂತಿದ್ದಳು. ಸೆರಗಿನೊಳಗಿನ ಕೈ ಹೊರಗೆ ಬಂತು. ಆ ಎರಡು ಬೆರಳು ಗಂಡನ ಕಿಸೆಗೆ ಇಳಿದು ಪಾನಾವನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟವು.

"ಬಿಚ್ಚು" ಎಂದಳು. "ಮಾತು ಕೊಟ್ಟಿದ್ದು ನನಗ, ಬಿಟ್ಟೀನಿ ಅನ್ನಾಕಿನೂ ನಾನೇ. ನನ್ನ ಬೆರಳು ಹೋದದ್ದು ಹೋದವು. ಹುಡುಗೀದು ನೌಕರಿ ಯಾಕ ಹೋಗ್ಬೇಕು."

"ಶರಣಿ, ಅದು ನಿನ್ನ ಒಬ್ಬಾಕಿ ಮಾತಲ್ಲ."

"ಗೊತ್ತದ. ಬಿಚ್ಚು."

ಮಾತು ಕೊಟ್ಟದ್ದು ಅವಳಿಗೆ, ಹೌದು. ಆದರೆ ಇವತ್ತಿನ ಕೈ ರಂಗೂಬಾಯಿಯದು, ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಯಂತ್ರದ ಬಾಯಿಯ ಮುಂದೆ ನಿಂತು, ಬಳೆಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು.

ಕಾಶಪ್ಪ ಬಗ್ಗಿದ. ಮೊದಲ ಬೋಲ್ಟು ಬಿಗಿಯಾಗಿತ್ತು, ಅವನೇ ಬಿಗಿ ಮಾಡಿದ್ದು. ಎರಡನೆಯದು ಸಲೀಸಾಗಿ ಬಂತು. ಮೂರನೆಯದರ ಹೊತ್ತಿಗೆ ಡೋಲಿನವರು ಪೆಂಡಾಲಿಗೆ ಬಂದಿದ್ದರು. ನಾಲ್ಕನೆಯದು ಬಿಚ್ಚುತ್ತಲೇ ಮುಚ್ಚಳ ಅಡ್ಡಪಟ್ಟಿಯ ಸಮೇತ ಕಳಚಿ ಅವನ ತೋಳಿನ ಮೇಲೆ ಒರಗಿತು. ಒಳಗೆ ಡ್ರಮ್ಮಿನ ಹಲ್ಲುಗಳು ಒಂದು ಗೇಣಿನ ದೂರದಲ್ಲಿ ಕಂಡವು.

ಶರಣಮ್ಮ ರಂಗೂಬಾಯಿಯ ಬಳಿ ಹೋಗಿ, ಏನೂ ಹೇಳದೆ ಅವಳ ಜರಿಯ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ಸಿಕ್ಕಿಸಿದಳು. ಬಳೆ ತೆಗೆಯಲು ಹೋದರೆ ಕಿಶೋರ ಸರ್ ಬೇಡ ಎಂದು ದೂರದಿಂದಲೇ ತಲೆಯಾಡಿಸಿದರು. ಕಾಶಪ್ಪ ಮೋಟಾರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ.

ಸಾಹೇಬರು ಬಂದರು. ರಂಗೂಬಾಯಿ ಒಂದು ಕಟ್ಟು ಹಾಕಿದಳು, ಡ್ರಮ್ಮು ಗಬಕ್ಕನೆ ನುಂಗಿತು. ಅವಳು ಬೆಚ್ಚಿ ಹಿಂದೆ ಸರಿದು, ನಕ್ಕು, ಮತ್ತೆ ಮುಂದೆ ಬಂದಳು. ಎರಡನೆಯದು. ಮೂರನೆಯದು. ಕ್ಯಾಮೆರಾದವನು ಇನ್ನೂ ಬಗ್ಗು ಬಗ್ಗು ಎಂದು ಮರಾಠಿಯಲ್ಲಿ ಹೇಳಿದ, ಬಗ್ಗಿದಳು. ನಾಲ್ಕನೇ ಕಟ್ಟಿನ ಜೊತೆ ಗಾಜಿನ ಒಂದು ಬಳೆ ಒಡೆದು ಒಳಗೆ ಹೋಯಿತು. ಕೈ ಹೋಗಲಿಲ್ಲ. ಕಾಶಪ್ಪ ಅಷ್ಟರಲ್ಲಿ ಸ್ವಿಚ್ಚು ಒತ್ತಿದ್ದ. ಡ್ರಮ್ಮು ಏಳೆಂಟು ಸುತ್ತು ತಿರುಗಿ ನಿಂತಿತು. ಎರಡು ನಿಮಿಷವೂ ಆಗಿರಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಕೆಳಗೆ ಬಿದ್ದ ಕಾಳನ್ನು ಸಾಹೇಬರು ಒಂದು ಚಿಟಿಕೆ ಎತ್ತಿ ಮೂಸಿ, ಗಾಜಿನ ಚೂರಿಗೆ ಬೆರಳು ತಾಗಿ, ಥಟ್ಟನೆ ಕೆಳಗೆ ಹಾಕಿ ಕರವಸ್ತ್ರಕ್ಕೆ ಒರೆಸಿಕೊಂಡು ನೇರಳೆ ಬಣ್ಣದ ಬಿತ್ತುವ ಯಂತ್ರದ ಕಡೆ ನಡೆದರು.

ರಂಗೂಬಾಯಿ ಮಣಿಕಟ್ಟಿನ ಮೇಲಿನ ಸಣ್ಣ ಗೀರನ್ನು ಬಾಯಿಗೆ ಹಿಡಿದು ಚೀಪುತ್ತ, ಒಡೆದ ಬಳೆಯ ದುಡ್ಡು ಯಾರು ಕೊಡಬೇಕು, ಇವು ಬಾಡಿಗೆಯವು ಎಂದು ಶರಣಮ್ಮನನ್ನು ಕೇಳುತ್ತಿದ್ದಳು.

ಕಾಶಪ್ಪ ಪೆಂಡಾಲಿನ ಹಿಂದಕ್ಕೆ ಹೋಗಿ ಕೊನೆಗೂ ಉಗುಳಿದ. ಕಹಿ ಹಾಗೇ ಇತ್ತು.

ಮಧ್ಯಾಹ್ನ ಟೆಂಪೋಕ್ಕೆ ಯಂತ್ರ ಏರಿಸುವಾಗ, ನಸುಕಿನಲ್ಲಿ ಹುಲ್ಲಿಗೆ ನೀರು ಬಿಟ್ಟಿದ್ದ ಮಾಲಿ ಬಂದು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದ. ತಗಡು ಚೆನ್ನಾಗಿದೆ, ನಿಮಗೆ ಬೇಡದಿದ್ದರೆ ಕೊಡುತ್ತೀರಾ, ಕ್ವಾರ್ಟರ್ಸಿನಲ್ಲಿ ಕೋಳಿ ಸಾಕಿದ್ದೇನೆ ಎಂದು ಕೇಳಿದ.

ಶರಣಮ್ಮ ಗಂಡನ ಮುಖ ನೋಡಿದಳು. ಭುವನೇಶ್ವರಿ ನೆಲ ನೋಡಿದಳು. ಕಾಶಪ್ಪ ಮುಚ್ಚಳವನ್ನು ಅವನ ಕೈಯಿಂದ ಕಿತ್ತುಕೊಂಡು ಟೆಂಪೋದೊಳಗೆ ಎಸೆದ. ಭೋಸರಿ ಬರುವತನಕ ಅದು ಪ್ರತಿ ಗುಂಡಿಗೂ ಎದ್ದು ಬಿದ್ದು ಸದ್ದು ಮಾಡಿತು.

ಭುವನೇಶ್ವರಿಗೆ ನೂರಕ್ಕೆ ತೊಂಬತ್ತೊಂದು ಅಂಕ ಬಂತು. ಜೂನ್ ಒಂದಕ್ಕೆ ನಾಸಿಕದಲ್ಲಿ ಕೆಲಸಕ್ಕೆ ಸೇರಿದಳು. ಪಂಢರಿನಾಥ ಅವಳ ಯಂತ್ರವನ್ನು ಹಿಂಭಾಗದ ಸಾಲಿಗೆ ಸೇರಿಸಿ, ಮುಂದಿನ ವರ್ಷಕ್ಕೆ ಹಳದಿ ಬಣ್ಣ ಹೊಡೆಯಲು ಹೇಳಿದ. ಮುಚ್ಚಳ ಬೇಡ ಎಂದ. ಕಾಶಪ್ಪ ಹಳದಿ ಬಣ್ಣ ಹೊಡೆದ.

ದವಾಖಾನೆಯಲ್ಲಿ ಕೊಟ್ಟ ಮಾತನ್ನು ಕಾಶಪ್ಪ ಮುರಿದ.